ಫೋಟೋದಲ್ಲಿಲ್ಲದ ಮೆಟ್ಟಿಲು

ಯಾವ ಹಳೆಯ ವಸ್ತುವೂ ತಾನಾಗಿ ಪೂರ್ತಿ ಹಾಳಾಗುವುದಿಲ್ಲ. ಮಳೆ, ಬಿಸಿಲು, ಗೆದ್ದಲುಗಳು ತಮ್ಮ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗುತ್ತವೆ. ಉಳಿದರ್ಧವನ್ನು ಮುಗಿಸಲು, ಸರಿಮಾಡುತ್ತೇನೆಂದು ತೋಳೇರಿಸಿ ನಿಂತ ಒಬ್ಬ ಗೃಹಸ್ಥ ಬೇಕಾಗುತ್ತದೆ. ಬನಶಂಕರಿಯ ನಮ್ಮ ರಸ್ತೆಯಲ್ಲಿ ಆ ಹೊಣೆಯನ್ನು ನಾನು ಹೊತ್ತಿದ್ದೇನೆ. ನಾನು ಬಿಚ್ಚಿ ಜೋಡಿಸಿದ ಮೇಲೆ ನಮ್ಮ ಮಿಕ್ಸಿ ತಿರುಗುವುದನ್ನು ಬಿಟ್ಟು ಬರೀ ಹಾಡುತ್ತದೆ. ಹಿತ್ತಿಲ ನಲ್ಲಿ ಮೊದಲು ತೊಟ್ಟಿಕ್ಕುತ್ತಿತ್ತು, ಈಗ ಚಿಮ್ಮುತ್ತದೆ. ಇವೆಲ್ಲ ಸಂಸಾರದಲ್ಲಿ ಹೇಗೋ ಕರಗಿಹೋದವು. ಕರಗದೆ ಉಳಿದದ್ದು ಕಾಂಪೌಂಡಿನ ಸಂಪಿಗೆ ಮರದ ಕೆಳಗೆ ನಿಂತಿರುವ ಒಂದು ತಗಡಿನ ಡಬ್ಬಿ. ನೋಡಿದವರೆಲ್ಲ ‘ಎಷ್ಟು ಚೆನ್ನಾಗಿ ಮಾಡಿಸಿದೀರಿ ಸಾರ್’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೆಲ್ಲೋ ಚುಳ್ಳೆನ್ನುತ್ತದೆ.

ಅದನ್ನು ಮೊದಲು ಕಂಡವಳು ನನ್ನ ಹೆಂಡತಿ ಶಾರದೆ. ಹಳೆಯ ಬಾಗಿಲೊಂದಕ್ಕೆ ಹಿಡಿ ಹುಡುಕಲು ಮಡಿವಾಳದ ಗುಜರಿ ಅಂಗಡಿಗೆ ಇಬ್ಬರೂ ಹೋಗಿದ್ದೆವು. ನಾನು ತುಕ್ಕು ಹಿಡಿದ ಹಿಡಿಗಳ ರಾಶಿಯಲ್ಲಿ ಮುಳುಗಿದ್ದಾಗ ಹಿಂದಿನಿಂದ ಅವಳ ದನಿ ಕೇಳಿಸಿತು. ತಿರುಗಿ ನೋಡಿದರೆ ಹೆಂಡತಿ ಇಲ್ಲ. ಒಂದು ದೊಡ್ಡ ಡಬ್ಬಿಯ ಕಿಟಕಿಯಿಂದ ಅವಳ ಮುಖ ಮಾತ್ರ ಕಾಣುತ್ತಿತ್ತು. “ರೀ, ಬನ್ರೀ ಇಲ್ಲಿ. ಇದ್ರೊಳಗೆ ಯಾರೋ ಸಂಸಾರ ಮಾಡಿದಾರೆ ಕಣ್ರೀ!”

ಅದು ಪಿಕಪ್ ಗಾಡಿಯ ಹಿಂದಿನ ಬಾಡಿಯಲ್ಲಿ ಕೂರಿಸುವ ಪುಟ್ಟ ಮನೆ. ಅದಕ್ಕೆ ಸ್ವಂತ ಚಕ್ರವಿಲ್ಲ, ಎಂಜಿನ್ನಿಲ್ಲ. ಇನ್ನೊಬ್ಬರ ಬೆನ್ನ ಮೇಲೆ ಕುಳಿತು ಊರು ಸುತ್ತುವುದಷ್ಟೇ ಅದರ ಕಸುಬು. ಜೀವಮಾನವಿಡೀ ಸಹೋದ್ಯೋಗಿಗಳ ಸ್ಕೂಟರಿನ ಹಿಂದೆ ಕುಳಿತು ಆಫೀಸಿಗೆ ಹೋದ ನನಗೆ ಮೊದಲ ನೋಟದಲ್ಲೇ ಅದರ ಮೇಲೆ ಬಂಧುಭಾವ ಮೂಡಿತು. ಬಾಗಿಲ ಕೆಳಗೆ ಕಬ್ಬಿಣದ ಪಟ್ಟಿಯಿಂದ ಬಿಗಿದ ಒಂದು ಮರದ ಮೆಟ್ಟಿಲಿತ್ತು. ಯಾರದೋ ಕಾಲು ತುಳಿದೂ ತುಳಿದೂ ಅದರ ನಡುಭಾಗ ತಟ್ಟೆಯಂತೆ ತಗ್ಗಾಗಿತ್ತು. ಒಳಗೆ ನೆಲಕ್ಕೆ ಬಿಗಿದ ತುರಿಮಣೆ. ಗಾಡಿ ಅಲುಗಿದರೂ ಮಣೆ ಅಲುಗದಂತೆ ನಾಲ್ಕು ಮೂಲೆಗೂ ಸ್ಕ್ರೂ ಹೊಡೆದಿದ್ದರು. ಎದುರು ಗೋಡೆಗೆ ಅಂಗೈಯಗಲದ ದೇವರ ಗೂಡು, ಹೊಸ್ತಿಲ ಮೇಲೆ ಹಳೆಯ ಅರಿಸಿನ ಕುಂಕುಮದ ಕಲೆ. ಶಾರದೆ ತುರಿಮಣೆಯ ಮೇಲೆ ಕುಳಿತು ಬರಿಗೈಯಲ್ಲೇ ಇಲ್ಲದ ಕಾಯಿ ತುರಿಯುತ್ತಾ, “ಇದನ್ನ ತಗೊಂಡು ಕಾವೇರಿ ದಡಕ್ಕೆ ಹೋಗೋಣ ರೀ. ಒಂದು ರಾತ್ರಿ ಇದ್ದು, ಬೆಳಗ್ಗೆ ಚಿತ್ರಾನ್ನ ಮಾಡ್ಕೊಂಡು ತಿಂದು ಬರೋಣ” ಎಂದಳು.

ಕಾವೇರಿ ದಡದ ಈ ರಾತ್ರಿ ನಮ್ಮ ಮದುವೆಯಷ್ಟೇ ಹಳೆಯದು. ಅವಳು ಕೇಳಿದಾಗಲೆಲ್ಲ ನಾನು ‘ನೋಡೋಣ’ ಎನ್ನುತ್ತಿದ್ದೆ. ರಜೆ ಸಿಕ್ಕಾಗ ಯಾರದೋ ಮದುವೆ, ಮುಂಜಿ, ಗೃಹಪ್ರವೇಶ. ಹೋದ ಊರಿನಲ್ಲೆಲ್ಲ ನೀರು ನೋಡಿದ್ದು ಛತ್ರದ ಕೈತೊಳೆಯುವ ನಲ್ಲಿಯಲ್ಲಿ ಮಾತ್ರ. ಈ ಸಲ ನಾನು ‘ನೋಡೋಣ’ ಅನ್ನಲಿಲ್ಲ. “ಸರಿ, ಹೋಗೋಣ” ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. “ಮೊದಲು ಸ್ವಲ್ಪ ಸರಿಮಾಡಿಸಿಬಿಡೋಣ” ಎಂದು ಸೇರಿಸಿದೆ.

ಡಬ್ಬಿ ಬಂದು ಕಾಂಪೌಂಡಿನಲ್ಲಿ ಇಳಿದ ದಿನದಿಂದ ಅದರ ಕುಲಗೋತ್ರದ ವಿಚಾರಣೆ ಶುರುವಾಯಿತು. ವಾಕಿಂಗ್ ಹೋಗುವವರು ಗೇಟಿಗೆ ಒರಗಿ ನಿಂತು, “ಏನ್ ಸಾರ್, ಮೊಬೈಲ್ ಕ್ಯಾಂಟೀನಾ? ತಟ್ಟೆ ಇಡ್ಲಿ ಇರುತ್ತಾ?” ಎಂದರು. ಎದುರುಮನೆಯಾಕೆ, “ನಾಯಿ ಹಿಡಿಯೋ ವ್ಯಾನ್ ಥರ ಇದೆ ಅಂಕಲ್, ನಮ್ಮ ಟಾಮಿ ಊಟಾನೇ ಬಿಟ್ಟಿದೆ” ಎಂದು ದೂರಿದರು. ಹಿಂದಿನ ರಸ್ತೆಯ ಶಾಮಿಯಾನದ ಪುಟ್ಟಸ್ವಾಮಿ, ಡಬ್ಬಿಯನ್ನು ತನ್ನ ಪಿಕಪ್ಪಿನಲ್ಲಿ ಹೊತ್ತು ತಂದವನು, ಅದು ಹಳೇ ಎಲೆಕ್ಷನ್ ಗಾಡಿಯೇ ಎಂದು ಆಣೆಯಿಟ್ಟ. ಕೊನೆಗೆ ಗುಟ್ಟು ಒಡೆದವನು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಬಸವರಾಜ. ಬಾಗಲಕೋಟೆ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಆಫೀಸು. ಒಂದು ಭಾನುವಾರ ಕಂಪ್ಯೂಟರನ್ನು ಕೂಸಿನಂತೆ ಎತ್ತಿಕೊಂಡು ಇಳಿದು ಬಂದ. “ಸರ, ಸಿಕ್ತ ನೋಡ್ರಿ! ಕಿಟಕಿ ಮೂಲಿ ದುಂಡಗ ಐತಿ, ಮ್ಯಾಲ ಮೂಗಿನಂಗ ಮುಂದ ಚಾಚೈತಿ. ನಮ್ದೂ ಹಂಗ ಐತ್ಯಲ್ರೀ! ಅಮೆರಿಕಾದ್ದ್ರೀ ಇದು!” ಪರದೆಯ ಮೇಲೆ ನಮ್ಮ ಡಬ್ಬಿಯ ಅವಳಿ ಇತ್ತು. ಹಾಲುಬಿಳಿ ಮೈ, ನಡುವೆ ಹಸಿರು ಪಟ್ಟಿ, ತೆರೆದ ಬಾಗಿಲಲ್ಲಿ ಒಬ್ಬ ಬಿಳಿಯ ಹೆಂಗಸು ನಗುತ್ತಿದ್ದಳು, ಅವಳ ಹಿಂದೆ ಒಳಗಿನ ಸೋಫಾಗಳು ಕಾಣುತ್ತಿದ್ದವು. ನಮ್ಮ ಡಬ್ಬಿಯ ಬಾಗಿಲ ಹತ್ತಿರ ಉಳಿದಿದ್ದ, ಕಂಪನಿ ಹೆಸರಿನ ತಗಡಿನ ಚೀಟಿಯ ಅರ್ಧ ಅಕ್ಷರಗಳೂ ಅದಕ್ಕೆ ಹೊಂದಿದವು. ನನಗೆ ಶಾಸನ ಓದಿದಷ್ಟು ಹೆಮ್ಮೆಯಾಯಿತು.

ಇಲ್ಲಿ ನನ್ನ ಪೂರ್ವಾಶ್ರಮದ ಬಗ್ಗೆ ಒಂದು ಮಾತು ಹೇಳಬೇಕು. ನಾನು ನೌಕರಿ ಮಾಡಿದ್ದು ತಾಳೆಗರಿಗಳನ್ನು ಕಾಪಾಡುವ ಒಂದು ಸಂಸ್ಥೆಯಲ್ಲಿ. ವಿದ್ವಾಂಸನಾಗಿ ಅಲ್ಲ, ಬೀರುಗಳ ಬೀಗದ ಕೈ ಇಟ್ಟುಕೊಳ್ಳುವ ಗುಮಾಸ್ತನಾಗಿ. ಆದರೆ ವಿದ್ವಾಂಸರು ಜಗಳವಾಡುವುದು ಬೀರುಗಳ ಎದುರಿನಲ್ಲೇ ಆದ್ದರಿಂದ ಒಂದು ಶಬ್ದ ನನ್ನ ತಲೆಯಲ್ಲಿ ಬೇರೂರಿಬಿಟ್ಟಿತ್ತು: ‘ಪ್ರಕ್ಷಿಪ್ತ’. ಕವಿ ಬರೆಯದೆ, ಆಮೇಲೆ ಬೇರೆ ಯಾರೋ ತುರುಕಿದ ಪದ್ಯಕ್ಕೆ ಆ ಹೆಸರು. ಮೂಲವನ್ನು ಶುದ್ಧಗೊಳಿಸಬೇಕಾದರೆ ಅದನ್ನು ಕಿತ್ತೆಸೆಯಬೇಕು. ಆ ಅಧಿಕಾರ ನೌಕರಿಯಲ್ಲಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಫೋಟೋ ಕೈಗೆ ಬಂತು. ಅದರಲ್ಲಿ ತುರಿಮಣೆ ಇರಲಿಲ್ಲ, ದೇವರ ಗೂಡು ಇರಲಿಲ್ಲ, ಮರದ ಮೆಟ್ಟಿಲೂ ಇರಲಿಲ್ಲ.

ನಾನು ಸ್ಪಾನರ್ ಹಿಡಿದು ಮೆಟ್ಟಿಲ ಮುಂದೆ ಕುಳಿತಾಗ ಶಾರದೆ ಒಗೆದ ಬಟ್ಟೆ ಹರವುತ್ತಿದ್ದಳು.

“ರೀ, ಆ ಮೆಟ್ಲು ಇರ್ಲಿ ಬಿಡ್ರೀ.”

“ಅದು ಪ್ರಕ್ಷಿಪ್ತ ಕಣೇ. ಒರಿಜಿನಲ್ ಅಲ್ಲ.”

“ಏನಾದ್ರೂ ಆಗ್ಲಿ. ನಾನು ಹತ್ತೋದು ಹೇಗೆ?”

“ಫೋಟೋದಲ್ಲಿ ಆಕೆ ಹತ್ತಿಲ್ವಾ?”

“ಆಕೆ ಪ್ಯಾಂಟ್ ಹಾಕ್ಕೊಂಡಿದಾಳೆ. ಕಾಲು ನನಗಿಂತ ಒಂದು ಮೊಳ ಉದ್ದ ಇದೆ. ಮಂಡಿನೋವು ಇರೋಳ ಥರಾನೂ ಕಾಣಲ್ಲ.”

ನಾನು ನಕ್ಕೆ. ಹೆಂಗಸರಿಗೆ ಸಂಶೋಧನೆಯ ಶಿಸ್ತು ತಿಳಿಯದು ಎಂಬ ಅರ್ಥದ, ವಿದ್ವಾಂಸರಿಂದ ಕಲಿತ ನಗೆ. ಅವಳು ಕೈಯಲ್ಲಿದ್ದ ನನ್ನ ಅಂಗಿಯನ್ನು ಎರಡು ಸಲ ಜೋರಾಗಿ ಕೊಡವಿ ಒಳಗೆ ಹೋದಳು. ಮೆಟ್ಟಿಲು, ಮಣೆ, ಗೂಡು ಮೂರೂ ಅದೇ ವಾರ ಮಡಿವಾಳದ ಗುಜರಿಗೆ ಮರಳಿದವು. ಹೊಸ್ತಿಲ ಕುಂಕುಮವನ್ನು ಥಿನ್ನರ್ ಹಾಕಿ ನಾನೇ ಉಜ್ಜಿದೆ. ಎಷ್ಟು ಉಜ್ಜಿದರೂ ಹೋಗಲೊಲ್ಲದು. ಆಗಲಾದರೂ ನನಗೆ ಏನಾದರೂ ಹೊಳೆಯಬೇಕಿತ್ತು. ಹೊಳೆದದ್ದು ಇನ್ನೂ ಖಾರವಾದ ಥಿನ್ನರ್ ತರಬೇಕೆಂದು.

ನಾಲ್ಕು ಪದರ ಬಣ್ಣ ಕೆರೆದು ಮೂಲದ ಹಾಲುಬಿಳಿಯನ್ನು ಹುಡುಕಿದೆ. ನೆಲದಲ್ಲಿ ಉಳಿದ ಸ್ಕ್ರೂ ತೂತುಗಳಿಗೆ ಬಡಗಿಗಳ ಲಪ್ಪ ತುಂಬಿ ಮುಚ್ಚಿದೆ. ತುರಿಮಣೆಯ ಜಾಗದಲ್ಲಿ ಫೋಟೋದಲ್ಲಿದ್ದಂತೆ ಎದುರುಬದುರು ಎರಡು ಸೋಫಾ ಬಂದವು. ಹಸಿರು ಪಟ್ಟಿಯ ಹಸಿರು ಯಾವ ಹಸಿರು ಎಂದು ನಾನೂ ಬಸವರಾಜನೂ ಚರ್ಚಿಸುತ್ತಿದ್ದಾಗ ಎರಡು ಚಳಿಗಾಲ ಕಳೆದವು. ಈ ನಡುವೆ ಶಾರದೆ ಆಗಾಗ, “ಬಣ್ಣ ಇಲ್ದೇ ಇದ್ರೆ ಕಾವೇರಿ ಒಳಗೆ ಬಿಡಲ್ವಾ?” ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅದನ್ನು ನಾನು ಸಮ್ಮತಿ ಎಂದುಕೊಂಡೆ.

ಕೊನೆಗೆ ಆಯುಧಪೂಜೆಗೆ ಡಬ್ಬಿ ಸಿದ್ಧವಾಯಿತು. ಪೂಜೆಗೆ ಬಂದ ಭಟ್ಟರು ಅದನ್ನು ಒಂದು ಸುತ್ತು ಬಂದು, “ಚಕ್ರ ಎಲ್ಲಿ ಸ್ವಾಮೀ? ನಿಂಬೆಹಣ್ಣು ಯಾವುದರ ಕೆಳಗಿಡೋದು?” ಎಂದರು. ಕಡೆಗೆ ಡಬ್ಬಿ ನಿಂತಿದ್ದ ನಾಲ್ಕು ಕಬ್ಬಿಣದ ಕಾಲುಗಳ ಪಕ್ಕ ಒಂದೊಂದು ಇಟ್ಟೆವು. ಅವು ಯಾವುದರ ಕೆಳಗೂ ಸಿಕ್ಕಿ ಅಪ್ಪಚ್ಚಿಯಾಗದೆ ಅಲ್ಲೇ ಒಣಗಿದವು.

ಮುಂದಿನ ವಾರ ಪುಟ್ಟಸ್ವಾಮಿ ಪಿಕಪ್ ತಂದು ಡಬ್ಬಿಯನ್ನು ಏರಿಸಿದ. ಶಾರದೆ ಅಂಚಿನ ಸೀರೆ ಉಟ್ಟು, ಬುಟ್ಟಿಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಅಂಗೈಯಗಲದ ದೇವರ ಪಟ ಇಟ್ಟುಕೊಂಡು ಬಂದಳು. ಗಾಡಿಯ ಮೇಲೆ ಕುಳಿತ ಡಬ್ಬಿಯ ಬಾಗಿಲು ಅವಳ ಎದೆಯ ಮಟ್ಟಕ್ಕಿತ್ತು. ಒಮ್ಮೆ ಕಾಲೆತ್ತಿ ನೋಡಿದಳು. ಪುಟ್ಟಸ್ವಾಮಿ ಶಾಮಿಯಾನದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, “ಹತ್ತಿ ಅಕ್ಕ, ನಾನು ಹಿಡ್ಕೋತೀನಿ” ಎಂದ. ಕುರ್ಚಿಯ ಕಾಲು ಬಾಗಿತು. ರಸ್ತೆಯವರೆಲ್ಲ ನೋಡುತ್ತಿದ್ದಾಗ ನಾನು ಮೇಲಿನಿಂದ ಎಳೆದು, ನೋಡಲು ಬಂದಿದ್ದ ಪುಟ್ಟಸ್ವಾಮಿಯ ಹೆಂಡತಿ ಕೆಳಗಿನಿಂದ ನೂಕಿ, ಗೋದ್ರೇಜ್ ಬೀರು ಸಾಗಿಸುವಂತೆ ಅವಳನ್ನು ಒಳಗೆ ಸೇರಿಸಿದೆವು.

ಸೋಫಾದ ತುದಿಯಲ್ಲಿ ಕುಳಿತು ಸುತ್ತಲೂ ನೋಡಿದಳು. ದೇವರ ಪಟವನ್ನು ಕೈಯಲ್ಲೇ ಹಿಡಿದು ಗೂಡಿದ್ದ ಗೋಡೆ ನೋಡಿದಳು. ಆಮೇಲೆ ನೆಲ ನೋಡಿದಳು. ಜಗಳವಾಡುತ್ತಾಳೆಂದು ಕಾದೆ, ಉತ್ತರಗಳೂ ಸಿದ್ಧವಿದ್ದವು. ಅವಳು ಮೆಲ್ಲಗೆ, “ತುಂಬ ಚೆನ್ನಾಗಿ ಮಾಡಿಸಿದೀರಿ ರೀ. ಯಾರ ಮನೇನೋ ಅನ್ನಿಸುತ್ತೆ” ಎಂದಳು. ಪಟವನ್ನು ಮತ್ತೆ ಬುಟ್ಟಿಯೊಳಗಿಟ್ಟು, “ಇಳಿಸ್ತೀರಾ?” ಎಂದಳು.

ಡಬ್ಬಿ ಮತ್ತೆ ಸಂಪಿಗೆ ಮರದ ಕೆಳಗೆ ಇಳಿಯಿತು. ಆ ತಿಂಗಳೇ ಅವಳು ತನ್ನ ಭಜನೆ ಮಂಡಳಿಯವರ ಜೊತೆ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಳು. ಸಂಜೆ ಫೋನು ಬಂತು. ಹಿಂದೆ ಹೆಂಗಸರ ನಗು, ಅದರ ಹಿಂದೆ ನೀರಿನ ಸದ್ದು. “ಕೇಳಿಸ್ತಾ ಇದೆಯಾ? ಕಾವೇರಿ! ದಡದಲ್ಲೇ ಕೂತಿದೀವಿ. ಊಟ ಆಯ್ತಾ? ನಿಮ್ಮ ಡಬ್ಬಿ ಹೇಗಿದೆ?” ನಾನು ಆಗ ಡಬ್ಬಿಯೊಳಗೇ ಕುಳಿತಿದ್ದೆ. ಅಮೆರಿಕದ ಆ ದುಂಡುಮೂಲೆಯ ಕಿಟಕಿಯಿಂದ ನಮ್ಮ ಕಾಂಪೌಂಡ್ ಗೋಡೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. “ಚೆನ್ನಾಗಿದೆ” ಎಂದೆ. ನೆಲದ ಮೇಲೆ ನಾನು ಲಪ್ಪ ತುಂಬಿದ್ದ ನಾಲ್ಕು ಚುಕ್ಕಿಗಳು ಪಾಲಿಶಿನ ಅಡಿಯಿಂದ ಎದ್ದು ಕಾಣುತ್ತಿದ್ದವು. ಕಂಪನಿ, ಮಾಡೆಲು, ಹಸಿರಿನ ಜಾತಿ, ಎಲ್ಲವನ್ನೂ ಪತ್ತೆಮಾಡಿದ ನಾನು, ಇಲ್ಲಿ ಕುಳಿತು ಕಾಯಿ ತುರಿದವಳು ಯಾರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಶಾರದೆ ಮಾತ್ರ ಕಿಟಕಿಯಿಂದ ಮುಖ ತೋರಿಸಿದ ಮೊದಲ ಗಳಿಗೆಯಲ್ಲೇ ಆಕೆಯನ್ನು ಗುರುತಿಸಿದ್ದಳು.

ಮರುದಿನ ಮಡಿವಾಳಕ್ಕೆ ಓಡಿದೆ. ಗುಜರಿಯವನು, “ಯಾವ ಮೆಟ್ಲು ಸಾರ್? ಹಳೇ ಮರ ಎಲ್ಲಾ ನೀರೊಲೆಗೆ ಹೋಯ್ತು” ಎಂದ. ಕತ್ರಿಗುಪ್ಪೆಯ ಬಡಗಿಯ ಹತ್ತಿರ ಹೋಗಿ ಹೊಸದು ಹೇಳಿದೆ. “ಎಷ್ಟು ಎತ್ತರ ಸಾರ್?” ಎಂದ. ಗೊತ್ತಿರಲಿಲ್ಲ. ಡಬ್ಬಿಯ ಒಂದೊಂದು ಮೊಳೆಯ ಅಳತೆಯನ್ನೂ ಬರೆದಿಟ್ಟಿದ್ದೆ. ಪ್ರಕ್ಷಿಪ್ತವನ್ನು ಯಾರು ಅಳೆಯುತ್ತಾರೆ? ಅಂದಾಜಿನಲ್ಲಿ ಮಾಡಿಸಿ ತಂದೆ. ಅಗಲವಾಯಿತು, ಎತ್ತರ ಸಾಲಲಿಲ್ಲ. ಕಾಲಿಡಲು ಒದಗದಿದ್ದರೂ ಕೂರಲು ಹೇಳಿ ಮಾಡಿಸಿದಂತಿದೆ. ಶಾರದೆಯನ್ನು ಕೇಳಿದೆ: “ಇನ್ನೊಂದು ಸಲ ಕಾವೇರಿಗೆ? ಈ ಸಲ ಇಬ್ಬರೇ?” ಅವಳು, “ನೋಡೋಣ” ಎಂದಳು. ಆ ಮಾತು ಕೇಳುವವರ ಕಿವಿಗೆ ಹೇಗಿರುತ್ತದೆಂದು ನನಗೆ ತಿಳಿದದ್ದು ಆವತ್ತು.

ಈಗ ಅವರೆಕಾಯಿ ಕಾಲ. ಮಧ್ಯಾಹ್ನದ ಹೊತ್ತು ಅವಳು ಆ ಹೊಸ ಮೆಟ್ಟಿಲ ಮೇಲೆ ಕುಳಿತು, ಹಾಲುಬಿಳಿ ಬಾಗಿಲಿಗೆ ಬೆನ್ನು ಕೊಟ್ಟು ಕಾಯಿ ಬಿಡಿಸುತ್ತಾಳೆ. ಡಬ್ಬಿಯ ಒಳಗೆ ಹೋಗುವುದಿಲ್ಲ. ನಿನ್ನೆ ನಾನು ಎದುರು ನಿಂತು, ಕೂರಬಹುದೋ ಕೂಡದೋ ಎಂದು ಅನುಮಾನಿಸುತ್ತಿದ್ದೆ. ಅವಳು ತಲೆಯೆತ್ತದೆ ಸ್ವಲ್ಪ ಪಕ್ಕಕ್ಕೆ ಸರಿದು, ಮೊರವನ್ನು ನನ್ನ ಕಡೆ ತಳ್ಳಿದಳು.

“ಬನ್ನಿ, ಕೂತ್ಕೊಳ್ಳಿ. ಆ ಫೋಟೋದಲ್ಲಿ ನೀವೂ ಇರ್ಲಿಲ್ಲ.”