ಸಂಜೀವಪ್ಪನವರು ತಮ್ಮ ಹೂ ತಾವೇ ಕದ್ದ ಪ್ರಕರಣ

ಎರಡು ಸಾವಿರದ ಇಪ್ಪತ್ತೈದನೇ ಇಸವಿ ಜುಲೈ ಏಳನೇ ತಾರೀಕು, ಸೋಮವಾರ, ಬೆಳಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಕುಕ್ ಟೌನಿನ ನಿವಾಸಿ ಸಂಜೀವಪ್ಪನವರು ತಮ್ಮ ಮನೆಯ ಗಿಡದಿಂದ ಹದಿನೇಳು ನಂದಿಬಟ್ಟಲು ಹೂ ಕದ್ದರು. ಈ ವಿಷಯದಲ್ಲಿ ಬೇಕರಿ ಅಡ್ಡರಸ್ತೆ ನಿವಾಸಿಗಳ ಸಂಘಕ್ಕೆ ಯಾವ ಅನುಮಾನವೂ ಇಲ್ಲ. ಈಗೀಗ ಸಂಜೀವಪ್ಪನವರಿಗೂ ಇಲ್ಲ.

ಸಂಜೀವಪ್ಪನವರು ಸರ್ವೇ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ಜಮೀನಿನ ಗಡಿ ಅಳೆದು ನಿವೃತ್ತರಾದವರು. ಗಿಡ ಇರುವುದು ಅವರ ಕಾಂಪೌಂಡಿನ ಒಳಗೆ. ಬಿಸಿಲು ಬೀಳುವುದು ಮಾತ್ರ ರಸ್ತೆಯ ಕಡೆಗೆ. ಗಿಡಕ್ಕೆ ಸರ್ವೇ ಗೊತ್ತಿಲ್ಲ; ಅದು ಬಿಸಿಲನ್ನು ಹುಡುಕಿಕೊಂಡು ಗೋಡೆ ದಾಟಿ, ಇರುವ ಹೂವನ್ನೆಲ್ಲ ರಸ್ತೆಯ ಮೇಲೇ ಬಿಡುತ್ತದೆ. ಆದ್ದರಿಂದ ಸಂಜೀವಪ್ಪನವರು ಇಪ್ಪತ್ತೆರಡು ವರ್ಷಗಳಿಂದ ದಿನಾ ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು, ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು ಗೇಟಿನಾಚೆ ಬಂದು, ಕೊಂಬೆ ಬಗ್ಗಿಸಿ, ಹೆಂಡತಿಯ ಪೂಜೆಗೆ ಹೂ ಕೀಳುತ್ತಾರೆ. ಗಿಡ ನೆಟ್ಟವರು ಹೆಂಡತಿ ಮಂಜುಳಮ್ಮ. ಗೃಹಪ್ರವೇಶಕ್ಕೆ ಬಂದ ಉಡುಗೊರೆಗಳಲ್ಲಿ ಇಲ್ಲಿಯವರೆಗೆ ಕೆಡದೆ ಉಳಿದಿರುವುದು ಇದೊಂದೇ ಎಂದು ಅವರು ಹೇಳುವುದುಂಟು. ಆರು ಗಡಿಯಾರ ಬಂದಿದ್ದವು.

ಪ್ರಕರಣ ಅರ್ಥವಾಗಬೇಕಾದರೆ ಸಂಘದ ಅನುಕಂಪ ನಿಯಮಾವಳಿಯ ಹಿನ್ನೆಲೆ ತಿಳಿಯಬೇಕು.

ಅದೇ ವರ್ಷ ಮೇ ತಿಂಗಳಲ್ಲಿ ಯಾರೋ ಒಬ್ಬ ಮನುಷ್ಯ ಬೇಕರಿ ಅಡ್ಡರಸ್ತೆಯಲ್ಲಿ ಗೇಟುಗೇಟಿನ ಒಳಗೆ ಇಣುಕುತ್ತ ಹೋಗುತ್ತಿರುವ ಫೋಟೋ ಸಂಘದ ವಾಟ್ಸಾಪ್ ಗ್ರೂಪಿಗೆ ಬಂತು. ಮೂರು ಗಂಟೆಯಲ್ಲಿ ನೂರ ಹದಿನಾರು ಸಂದೇಶ ಬಂದವು. ನಲವತ್ತನೆಯ ಸಂದೇಶದ ಹೊತ್ತಿಗೆ ಅವನು ಕಳ್ಳನಾಗಿದ್ದ, ಎಂಬತ್ತನೆಯದರ ಹೊತ್ತಿಗೆ ಒಂದು ದೊಡ್ಡ ತಂಡದ ಮುಖಂಡನಾಗಿದ್ದ. ಅವನನ್ನು ಹಿಡಿದು ಬೇಕರಿಯ ಸ್ಟೂಲಿನ ಮೇಲೆ ಕೂರಿಸಿದ ಮೇಲೆ, ಅವನು ನೀರಿನ ಮೀಟರ್ ನೋಡಲು ಬಂದವನೆಂದು ತಿಳಿಯಿತು. ಹೊರಡುವಾಗ ಅವನು ಯಾರನ್ನೂ ಬೈಯಲಿಲ್ಲ. "ಮೀಟರ್ ಮುಂದೆ ಗುಲಾಬಿ ಕುಂಡ ಇಡ್ಬೇಡಿ ಸಾರ್, ಕಾಣಲ್ಲ," ಎಂದಷ್ಟೇ ಹೇಳಿ ಹೋದ. ಎಲ್ಲರಿಗೂ ನಾಚಿಕೆಯಾಯಿತು. ನಾಚಿಕೆ ಆರುವ ಮೊದಲೇ ಸಂಘ ಸಭೆ ಸೇರಿತು.

ಸಂಘದ ಕಾರ್ಯದರ್ಶಿ ಜಹನಾರಾ ಮೇಡಂ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನಿಯಮಾವಳಿಯನ್ನು ಅವರೇ ಬರೆದರು. ಬಡಾವಣೆಯ ಯಾವುದೇ ಸುದ್ದಿಗೆ ಸದಸ್ಯರು ತೀರ್ಪಿನಿಂದಲ್ಲ, ಅನುಕಂಪದಿಂದ ಪ್ರತಿಕ್ರಿಯಿಸತಕ್ಕದ್ದು ಎಂಬುದು ಒಂದನೇ ನಿಯಮ. ಯಾರನ್ನೂ ಕಳ್ಳ ಎನ್ನಕೂಡದು, 'ಕಷ್ಟದಲ್ಲಿರುವವರು' ಎನ್ನತಕ್ಕದ್ದು ಎಂಬುದು ಎರಡನೆಯದು. ಮೂರನೆಯದಕ್ಕೆ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು: 'ಸುದ್ದಿ ನಿಜವೋ ಸುಳ್ಳೋ ಎಂದು ವಿಚಾರಿಸುವುದು ತೀರ್ಪಿನ ಮೊದಲ ಮೆಟ್ಟಿಲಾದ್ದರಿಂದ, ಯಾರೂ ಏನನ್ನೂ ವಿಚಾರಿಸಕೂಡದು.' ನಾಲ್ಕನೆಯದರ ಪ್ರಕಾರ, ಇಪ್ಪತ್ತನಾಲ್ಕು ಗಂಟೆಯೊಳಗೆ ಇಬ್ಬರು ಸದಸ್ಯರು ಏನಾದರೂ ತಿನ್ನುವ ಪದಾರ್ಥದೊಂದಿಗೆ ಕಷ್ಟದಲ್ಲಿರುವವರ ಮನೆಗೆ ಹೋಗಿಬರಬೇಕು.

ಜುಲೈ ಏಳರಂದು ಎದುರು ಅಪಾರ್ಟ್‌ಮೆಂಟಿನ ಮುತ್ತುರಾಜ್ ತಮ್ಮ ಸಿಸಿಟಿವಿಯ ನಲವತ್ತು ಸೆಕೆಂಡಿನ ವಿಡಿಯೋ ಒಂದನ್ನು ಗ್ರೂಪಿಗೆ ಹಾಕಿದರು. ಮೇಲೆ, 'ಅನುಕಂಪಕ್ಕಾಗಿ' ಎಂದು ಬರೆದಿದ್ದರು. ಒಬ್ಬ ಮಂಕಿ ಕ್ಯಾಪಿನವರು ಕೋಲಿನಿಂದ ಗೋಡೆಯ ಮೇಲಿನ ಕೊಂಬೆ ಎಳೆದು ಹೂ ಕಿತ್ತು ಕವರಿಗೆ ತುಂಬಿಕೊಳ್ಳುವುದು, ಅತ್ತ ಇತ್ತ ನೋಡುವುದು, ಅದರಲ್ಲಿತ್ತು. ಅವರು ಅತ್ತ ಇತ್ತ ನೋಡಿದ್ದು ಬೀದಿನಾಯಿಯ ಭಯಕ್ಕೆ. ಅನುಕಂಪ ಭರದಿಂದ ಹರಿಯಿತು. ಕೈಮುಗಿದ ಚಿತ್ರಗಳು ಐವತ್ತಮೂರು ಬಂದವು. ಅವುಗಳಲ್ಲಿ ಹನ್ನೊಂದನೆಯದನ್ನು ಹಾಕಿದವರು ಸಂಜೀವಪ್ಪನವರೇ. ಕನ್ನಡಕ ಹಾಕಿಕೊಂಡಿರಲಿಲ್ಲ. ಜೊತೆಗೆ 'ಪಾಪ' ಎಂದೂ ಬರೆದಿದ್ದರು.

ಸಂಜೆ ಜಹನಾರಾ ಮೇಡಂ ಮತ್ತು ಸಂಘದ ಅಧ್ಯಕ್ಷ ಅಹ್ಮದ್ ಪಾಷಾ ಒಂದು ಡಬ್ಬಿ ಶಾವಿಗೆ ಖೀರು ತೆಗೆದುಕೊಂಡು ಬಂದರು. ಅಹ್ಮದ್ ಪಾಷಾ ಅವರದು ಫ್ರೇಜರ್ ಟೌನಿನಲ್ಲಿ ಬೀಗ ಮತ್ತು ಚಿಲಕದ ಅಂಗಡಿ. ಮನುಷ್ಯರನ್ನು ನಂಬುವುದು ಅವರಿಗೆ ಹುಟ್ಟುಗುಣ.

"ಏನೂ ಯೋಚ್ನೆ ಮಾಡ್ಬೇಡಿ ಅಣ್ಣಾ," ಎಂದು ಅವರು ಸಂಜೀವಪ್ಪನವರ ಕೈ ಹಿಡಿದುಕೊಂಡರು. "ನಾವೆಲ್ಲಾ ಇದೀವಿ."

"ಯಾಕೆ ಪಾಷಾ ಅವ್ರೇ, ಏನಾಯ್ತು?"

"ಏನೂ ಹೇಳೋದು ಬೇಡ. ನಾವು ಕೇಳೋದೂ ಇಲ್ಲ. ಖೀರು ತಿನ್ನಿ."

ಜಹನಾರಾ ಮೇಡಂ ಫೋನಿನಲ್ಲಿ ವಿಡಿಯೋ ತೋರಿಸಿದರು. ಸಂಜೀವಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಅಯ್ಯೋ, ಇದು ನಾನು!"

"ಮಾಷಾ ಅಲ್ಲಾ," ಎಂದರು ಅಹ್ಮದ್ ಪಾಷಾ. "ಒಪ್ಕೊಂಡ್ಬಿಟ್ರು, ನೋಡಿ ಮೇಡಂ. ಎಂಥ ದೊಡ್ಡ ಮನಸ್ಸು."

"ಒಪ್ಕೊಳ್ಳೋದೇನ್ರೀ? ಇದು ನಮ್ಮ ಗೋಡೆ. ಇದು ನಮ್ಮ ಗಿಡ. ಅಲ್ಲಿ ಕಾಣ್ತಿರೋ ಗೇಟಿಂದ ಒಳಗೆ ಬಂದು ಈ ಕುರ್ಚಿ ಮೇಲೇ ನೀವು ಕೂತಿರೋದು!"

ಜಹನಾರಾ ಮೇಡಂ ಮೆಲ್ಲಗೆ ತಲೆಯಾಡಿಸಿದರು. "ನಂಗೆ ಗೊತ್ತು ಸಂಜೀವಪ್ಪನವರೇ. ಇಪ್ಪತ್ತು ವರ್ಷದಿಂದ ಈ ಗಿಡ ನೋಡ್ತಿದೀನಿ. ಆದ್ರೆ ನಾನಿಲ್ಲಿ ಜಹನಾರಾ ಆಗಿ ಬಂದಿಲ್ಲ, ಕಾರ್ಯದರ್ಶಿಯಾಗಿ ಬಂದಿದೀನಿ. ಗಿಡ ಯಾರದ್ದು ಅಂತ ಕಾರ್ಯದರ್ಶಿ ವಿಚಾರಿಸೋ ಹಾಗಿಲ್ಲ. ಮೂರನೇ ನಿಯಮ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಜುಳಮ್ಮ ಖೀರಿನ ಡಬ್ಬಿ ತೆಗೆದುಕೊಂಡರು. "ಇವ್ರು ಕದ್ದಿದ್ರೆ ಖೀರು ಕೊಡ್ತೀರಿ. ಕದ್ದಿಲ್ಲ ಅಂದ್ರೆ ವಾಪಸ್ ತಗೊಂಡ್ ಹೋಗ್ತೀರೋ?"

"ಕದ್ದಿಲ್ಲ ಅನ್ನೋದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ ಮಂಜುಳಮ್ಮ," ಎಂದರು ಜಹನಾರಾ ಮೇಡಂ. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

ಇಷ್ಟಕ್ಕೇ ನಿಂತಿದ್ದರೆ ಸಂಜೀವಪ್ಪನವರು ಖೀರು ತಿಂದು ಮರೆಯುತ್ತಿದ್ದರು. ಆದರೆ ಬುಧವಾರ ಗ್ರೂಪಿನಲ್ಲಿ ಮುತ್ತುರಾಜ್ ಒಂದು ಸಲಹೆ ಮಂಡಿಸಿದರು. ಮುತ್ತುರಾಜ್ ಅವರಿಗೆ ಎರಡು ಕಾರು, ಒಂದು ಪಾರ್ಕಿಂಗ್ ಜಾಗ. ಎರಡನೆಯ ಕಾರು ಹಿಡಿಯುವಷ್ಟು ಜಾಗ ಆ ರಸ್ತೆಯಲ್ಲಿ ಒಂದೇ ಕಡೆ ಇತ್ತು. ಅದರ ಮೇಲೆ ನಂದಿಬಟ್ಟಲಿನ ಕೆಳಗಿನ ಕೊಂಬೆಗಳು ಎದೆಮಟ್ಟಕ್ಕೆ ಬಾಗಿದ್ದವು. ಇದಕ್ಕೂ ಸಲಹೆಗೂ ಸಂಬಂಧವಿದೆಯೇ ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸುವಂತಿರಲಿಲ್ಲ.

'ಕಷ್ಟದಲ್ಲಿರುವ ಅಂಕಲ್ ದಿನಾ ಬೆಳಗ್ಗೆ ಆ ಹೂ ನೋಡಿ ಮತ್ತೆ ಮನಸ್ಸು ಸೋಲಬಾರದು. ಆಸೆ ಹುಟ್ಟಿಸುವ ವಸ್ತುವನ್ನೇ ತೆಗೆಯುವುದು ನಿಜವಾದ ಅನುಕಂಪ. ರಸ್ತೆ ಕಡೆಯ ಕೊಂಬೆಗಳನ್ನು ಭಾನುವಾರ ನನ್ನ ಸ್ವಂತ ಖರ್ಚಿನಲ್ಲಿ ಕಡಿಸಿಕೊಡುತ್ತೇನೆ.'

ಐವತ್ತು ಜನ ಕೈ ಮುಗಿದರು.

ರಸ್ತೆ ಕಡೆಯ ಕೊಂಬೆ ಹೋದರೆ ಗಿಡದಲ್ಲಿ ಉಳಿಯುವುದು ಒಂದು ಮೋಟು ಮತ್ತು ನಾಲ್ಕು ಎಲೆ. ಸಂದೇಶ ಓದಿದ ಮಂಜುಳಮ್ಮ ಆ ರಾತ್ರಿ ಚಪಾತಿ ಲಟ್ಟಿಸುವಾಗ ಲಟ್ಟಣಿಗೆಯನ್ನು ಬಲವಾಗಿ ಒತ್ತಿದರು. ಚಪಾತಿಗಳು ತೀರಾ ತೆಳ್ಳಗೆ ಬಂದವು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅದರ ಅರ್ಥ ಸಂಜೀವಪ್ಪನವರಿಗೆ ತಿಳಿದಿತ್ತು.

ಶನಿವಾರ ಅಹ್ಮದ್ ಪಾಷಾ ಅವರ ಕಾರ್ ಶೆಡ್ಡಿನಲ್ಲಿ ತುರ್ತು ಸಭೆ ನಡೆಯಿತು. ಸಂಜೀವಪ್ಪನವರು ಮನೆಯ ಕ್ರಯಪತ್ರ, ತಮ್ಮ ಕೈಯಾರೆ ಬರೆದ ಕಾಂಪೌಂಡಿನ ನಕ್ಷೆ ಮತ್ತು ಅಳತೆಯ ಟೇಪು ತಂದಿದ್ದರು. ಗಿಡದ ಬುಡ ಗೋಡೆಯಿಂದ ಒಳಕ್ಕೆ ಎರಡಡಿ ಮೂರಂಗುಲ ಎಂದು ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿದ್ದರು. ಅವರು ನಕ್ಷೆ ಬಿಚ್ಚಿದ ಕೂಡಲೇ ಸದಸ್ಯರೆಲ್ಲ ಸಭ್ಯತೆಯಿಂದ ಬೇರೆ ಕಡೆ ಮುಖ ತಿರುಗಿಸಿದರು.

"ಒಂದು ಸಲ ನೋಡಿ ಸಾಕು," ಎಂದರು ಸಂಜೀವಪ್ಪನವರು.

"ನೋಡಿದ್ರೆ ವಿಚಾರಣೆ ಆಗ್ಬಿಡುತ್ತೆ ಅಂಕಲ್," ಎಂದರು ಮುತ್ತುರಾಜ್ ಚಾವಣಿ ನೋಡುತ್ತ. "ನಿಮಗೆ ಅವಮಾನ ಆಗೋದು ನಮಗಿಷ್ಟ ಇಲ್ಲ."

"ಗಿಡ ನನ್ನದು ಅಂತ ಗೊತ್ತಾದ್ರೆ ನಂಗೇನಪ್ಪಾ ಅವಮಾನ?"

"ಅದೇ ಅಂಕಲ್. ಸತ್ಯ ಗೊತ್ತಾದ್ಮೇಲೆ ಯಾರ್ ಬೇಕಾದ್ರೂ ಅನುಕಂಪ ತೋರಿಸ್ಬೋದು. ಗೊತ್ತಾಗೋಕೆ ಮುಂಚೆ ತೋರಿಸೋದೇ ದೊಡ್ಡದು."

ಸಭೆಗೆ ಈ ಮಾತು ಹಿಡಿಸಿತು. ಅಹ್ಮದ್ ಪಾಷಾ ಕಣ್ಣೊರೆಸಿಕೊಂಡರು.

ಆಗ ಜಹನಾರಾ ಮೇಡಂ ನಿಯಮಾವಳಿಯ ಕೊನೆಯ ಪುಟ ತೆರೆದು, ಯಾರಿಗೂ ಅಲ್ಲ ಎನ್ನುವಂತೆ, ಆದರೆ ಮಂಜುಳಮ್ಮನ ಕಡೆಗೆ ತಿರುಗಿ, ಒಂಬತ್ತನೇ ನಿಯಮ ಓದಿದರು: 'ಕಷ್ಟದಲ್ಲಿರುವವರು ತಪ್ಪೊಪ್ಪಿಕೊಂಡು, ವಸ್ತುವಿನ ಮಾಲೀಕರು ಅವರನ್ನು ಮನಸಾರೆ ಕ್ಷಮಿಸಿದಲ್ಲಿ, ಪ್ರಕರಣ ನಡೆದ ಸ್ಥಳವು ಸೌಹಾರ್ದದ ಸ್ಥಳವೆನಿಸುವುದು. ಅಲ್ಲಿನ ಗಿಡ, ಗೋಡೆ, ಗೇಟುಗಳನ್ನು ಯಾರೂ ಮುಟ್ಟಕೂಡದು.'

ಮಂಜುಳಮ್ಮ ಗಂಡನ ಪಕ್ಕೆ ತಿವಿದರು. "ರೀ, ಕದ್ದೆ ಅನ್ನಿ."

"ಕದ್ದಿಲ್ವಲ್ಲೇ!"

"ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಆದ್ರೂ ಆ ಗಿಡಕ್ಕೆ ಒಂದು ಚೊಂಬು ನೀರು ಹಾಕಿದೀರಾ? ನೆಟ್ಟೋಳು ನಾನು, ನೀರು ಹಾಕ್ದೋಳು ನಾನು. ನನ್ನ ಕೇಳಿ ಕಿತ್ರಾ?"

ಸಂಜೀವಪ್ಪನವರು ಯೋಚಿಸಿದರು. ಈ ದಿಕ್ಕಿನಿಂದ ಅವರು ವಿಷಯವನ್ನು ಅಳೆದಿರಲಿಲ್ಲ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಂದು ನೋಟೀಸನ್ನೂ ತೆಗೆದುಕೊಳ್ಳದಿದ್ದ ಮನುಷ್ಯ ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದು ನಿಂತರು.

"ಕದ್ದೆ," ಎಂದರು.

ಚಪ್ಪಾಳೆ ಬಿತ್ತು. ಮುತ್ತುರಾಜ್ ಕೂಡ ತಟ್ಟಬೇಕಾಯಿತು.

ಎರಡು ಕುರ್ಚಿಗಳನ್ನು ಎದುರುಬದುರು ಹಾಕಲಾಯಿತು. ಒಂದು ತಪ್ಪೊಪ್ಪಿಕೊಂಡವರಿಗೆ, ಒಂದು ಮಾಲೀಕರಿಗೆ. ಸಂಜೀವಪ್ಪನವರು ಮೊದಲನೆಯ ಕುರ್ಚಿಯಲ್ಲಿ ಕೂತು, ಗಿಡ ನೆಟ್ಟವರು ಯಾರೇ ಆಗಿರಲಿ, ಸಂಘದ ಚಂದಾ ಪುಸ್ತಕದ ಪ್ರಕಾರ ಆ ಮನೆಯ ಮಾಲೀಕರಾದ ಸಂಜೀವಪ್ಪನವರ ಕ್ಷಮೆ ಕೋರಿ ಸಹಿ ಹಾಕಿದರು. ಆಮೇಲೆ ಎದ್ದು ಎದುರಿನ ಕುರ್ಚಿಯಲ್ಲಿ ಕೂತರು.

"ಮಾಲೀಕರೇ, ಕ್ಷಮಿಸ್ತೀರಾ?" ಎಂದು ಅಹ್ಮದ್ ಪಾಷಾ ಕೇಳಿದರು.

ಇಲ್ಲಿ ಯಾರೂ ನಿರೀಕ್ಷಿಸದಿದ್ದುದು ನಡೆಯಿತು. ಮಾಲೀಕರ ಕುರ್ಚಿಗೆ ಕೈಗಳಿದ್ದವು. ಬೆನ್ನಿಗೆ ದಿಂಬಿತ್ತು. ಅದರಲ್ಲಿ ಒರಗಿ ಕೂತ ಸಂಜೀವಪ್ಪನವರಿಗೆ, ಯಾರೋ ಒಬ್ಬ ಇಪ್ಪತ್ತೆರಡು ವರ್ಷ ತಮ್ಮ ಗಿಡದ ಹೂವನ್ನು ಹೇಳದೆ ಕೇಳದೆ ಕಿತ್ತುಕೊಂಡು ಹೋಗಿದ್ದಾನೆ ಎಂಬುದು ಇದ್ದಕ್ಕಿದ್ದಂತೆ ಸರಿ ಕಾಣಲಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಿ," ಎಂದರು.

"ಮಾಲೀಕರ ಭಾವನೆಗೂ ಬೆಲೆ ಕೊಡ್ಬೇಕು," ಎಂದು ಮುತ್ತುರಾಜ್ ತಕ್ಷಣ ಹೇಳಿದರು. "ಬಲವಂತ ಮಾಡೋದು ಬೇಡ. ಭಾನುವಾರ ಆದ್ಮೇಲೆ ನಿಧಾನಕ್ಕೆ ಯೋಚ್ನೆ ಮಾಡ್ಲಿ."

ಮಂಜುಳಮ್ಮ ಎದ್ದು ಬಂದು ಮಾಲೀಕರ ಕುರ್ಚಿಯ ಪಕ್ಕದಲ್ಲಿ ನಿಂತರು. "ಓನರ್ ಸಾರ್," ಎಂದರು, ಗಂಡನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಆ ಕಡೆ ಕುರ್ಚಿಯೋರು ರಾತ್ರಿ ನಮ್ಮನೇಲೇ ಊಟ ಮಾಡೋದು. ನೀವು ಎಲ್ಲಿ ಮಾಡ್ತೀರಿ?"

ಮಾಲೀಕರು ಕ್ಷಮಿಸಿದರು. ಆದರೆ ಷರತ್ತು ಹಾಕಿದರು: ದಿನಕ್ಕೆ ಹದಿನೈದು ಹೂವಿಗಿಂತ ಹೆಚ್ಚು ಕೀಳಬಾರದು, ಮೊಗ್ಗು ಮುಟ್ಟಬಾರದು. ಎದುರಿನ ಕುರ್ಚಿಗೆ ಹೋಗಿ ಕೂತು, ಸಂಜೀವಪ್ಪನವರು ಷರತ್ತು ಸ್ವಲ್ಪ ಬಿಗಿಯಾಯಿತೆಂದು ಗೊಣಗಿ ಒಪ್ಪಿಕೊಂಡರು. ಗಿಡ ಸೌಹಾರ್ದದ ಸ್ಥಳವಾಯಿತು. ಮುತ್ತುರಾಜ್ ಎರಡನೆಯ ಕಾರನ್ನು ಕೆ.ಆರ್. ಪುರದ ಭಾವಮೈದುನನ ಮನೆಯಲ್ಲಿ ನಿಲ್ಲಿಸಿದರು. ಕಾರಿಗೆ ಊರು ಬಿಡುವ ಕಷ್ಟ ಬಂದಿತೆಂದು ತಿಳಿದ ಸದಸ್ಯರು ಅವರ ಮನೆಗೂ ಬಿಸ್ಕತ್ತು ತೆಗೆದುಕೊಂಡು ಹೋಗಿಬಂದರು.

ಅಂದಿನಿಂದ ಷರತ್ತು ಕಟ್ಟುನಿಟ್ಟಾಗಿ ಪಾಲನೆಯಾಗುತ್ತಿದೆ. ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಂಜುಳಮ್ಮ ನಲವತ್ತು ಹೂ ಬೇಕೆಂದರು.

"ನಾನೇನೋ ಕಿತ್ಕೊಡ್ತೀನಿ ಕಣೇ," ಎಂದರು ಸಂಜೀವಪ್ಪನವರು. "ಓನರ್ ಒಪ್ಪಲ್ಲ. ಆ ಮನುಷ್ಯ ಭಾಳ ಬಿಗಿ."

ಮಂಜುಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಾಗಾದ್ರೆ ಅವ್ರನ್ನ ಮಧ್ಯಾಹ್ನ ಊಟಕ್ಕೆ ಕರೀರಿ. ಒಬ್ಬಟ್ಟು ಮಾಡ್ತೀನಿ. ನಾನೇ ಮಾತಾಡ್ತೀನಿ."

ಒಂದು ಗಂಟೆಗೆ ಸಂಜೀವಪ್ಪನವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಗೇಟಿನಾಚೆ ಹೋಗಿ, ಬೆಲ್ಲು ಒತ್ತಿ ಒಳಗೆ ಬಂದರು. ಮೂರನೆಯ ಒಬ್ಬಟ್ಟಿಗೆ ತುಪ್ಪ ಬಿದ್ದ ಮೇಲೆ ಮಾಲೀಕರು ನಲವತ್ತು ಹೂವಿಗೆ ಒಂದು ದಿನದ ಮಟ್ಟಿಗೆ ಅನುಮತಿ ಕೊಟ್ಟು, ಎಲೆಯಡಿಕೆ ಹಾಕಿಕೊಂಡು ಹೊರಟರು.

ಊಟಕ್ಕೆ ಕರೆದದ್ದು ಮಾಲೀಕರನ್ನು ಮಾತ್ರವಾದ್ದರಿಂದ, ಹೂ ಕದ್ದ ಸಂಜೀವಪ್ಪನವರಿಗೆ ಆ ಮಧ್ಯಾಹ್ನ ಮನೆಯಲ್ಲಿ ಊಟವಿರಲಿಲ್ಲ. ಸುದ್ದಿ ಗ್ರೂಪಿಗೆ ಹೋದ ಅರ್ಧ ಗಂಟೆಯಲ್ಲಿ ಮೂರು ಮನೆಗಳಿಂದ ಡಬ್ಬಿ ಬಂದವು. ಯಾರೂ ಏನೂ ಕೇಳಲಿಲ್ಲ.