ನಾಗಮಂಗಲಕ್ಕೆ ಬಿಯರ್ ಮೆಷಿನ್ ನೋಡಲು ಹೋದದ್ದು

ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡವನ್ನು ನಾಲಿಗೆಗೆ ತಾಕಿಸದ ನಾನು, ಶನಿವಾರ ಬಂದರೆ ಒಪ್ಪೊತ್ತಿದ್ದು ಕರಿಘಟ್ಟದ ಮೆಟ್ಟಿಲು ಹತ್ತುವ ನಾನು, ಬಿಯರ್ ಮೆಷಿನ್ ಕೊಳ್ಳಬಹುದೋ ಬೇಡವೋ ಎಂಬ ವಿಷಯದಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವಷ್ಟು ತಿಳಿದುಕೊಂಡಿದ್ದೇನೆ ಎಂದರೆ ನೀವು ನಂಬಬೇಕು. ನಮ್ಮ ಬೀದಿಯ ಹೆಂಗಸರಿಗೆ ಕುಕ್ಕರ್ ಯಾವುದು ಒಳ್ಳೆಯದು, ಗ್ರೈಂಡರ್ ಕಲ್ಲು ಎಷ್ಟು ದಿನ ಬಾಳುತ್ತದೆ ಎಂದು ಹೇಳುವವಳು ನಾನೇ. ಆ ಸಾಲಿಗೆ ಈಗ ಇದೊಂದು ಸೇರಿದೆ. ಆದರೆ ಇದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಬರೆದಾದರೂ ಹೇಳೋಣ ಎಂದು ಕೂತಿದ್ದೇನೆ.

ನಮ್ಮ ಮನೆಯವರಿಗೆ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ. ಮನೆ ಪಾಂಡವಪುರದಲ್ಲಿ. ಒಳ್ಳೆಯ ಮನುಷ್ಯ. ಊಟಕ್ಕೆ ಕೂತರೆ ಉಪ್ಪಿಲ್ಲ, ಖಾರವಿಲ್ಲ ಎಂದು ತಟ್ಟೆ ತಳ್ಳಿದವರಲ್ಲ. ಆದರೆ ವಾರವಿಡೀ ಅಷ್ಟು ದೊಡ್ಡ ನೀರಿನ ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ ಭಾನುವಾರ ಸಂಜೆ ಮಾತ್ರ ಎಲ್ಲಿಲ್ಲದ ಬಾಯಾರಿಕೆ. ನಾಲ್ಕು ಗಂಟೆ ಆಗುವುದೇ ತಡ, ಇಲಾಖೆಯ ಸ್ನೇಹಿತ ಪುಟ್ಟಸ್ವಾಮಿ ಬಂದು ಬಾಗಿಲಲ್ಲಿ ಕೆಮ್ಮುತ್ತಾನೆ. ಇವರು ಬೈಕಿನ ಕೀಲಿ ಹುಡುಕುತ್ತಾರೆ. ಇಬ್ಬರೂ ಕೆ.ಆರ್.ಎಸ್. ಹತ್ತಿರದ ಒಂದು ಹೋಟೆಲಿಗೆ ಹೋಗಿ, ತಲೆಗೊಂದು ಬಿಯರ್ ಕುಡಿದು, ಕತ್ತಲಾಗುವ ಹೊತ್ತಿಗೆ ನಾಲೆ ಏರಿ ಮೇಲಿನ ರಸ್ತೆಯಲ್ಲಿ ವಾಪಸು ಬರುತ್ತಾರೆ. ಕುಡಿಯುವುದು ಒಂದೇ ಬಾಟಲಿ ಎಂದು ನನಗೂ ಗೊತ್ತು. ಆದರೆ ನಾಲೆಗೆ ಅದು ಗೊತ್ತಿರಬೇಕಲ್ಲ. ಒಂದು ತಿರುವಿನಲ್ಲಿ ತಡೆಗೋಡೆಯೂ ಇಲ್ಲ. ಭಾನುವಾರ ದೀಪ ಹಚ್ಚಿದ ಮೇಲೆ ನನ್ನ ಕಿವಿ ಎರಡೂ ಬೀದಿಯಲ್ಲೇ ಇರುತ್ತವೆ. ವಿಷ್ಣುಸಹಸ್ರನಾಮ ಬಾಯಲ್ಲಿ, ಬೈಕಿನ ಸದ್ದು ಮನಸ್ಸಿನಲ್ಲಿ. ಎಷ್ಟೋ ಸಲ ನಾಮಗಳು ಹಿಂದುಮುಂದಾಗಿವೆ. ಕರಿಘಟ್ಟದ ಸ್ವಾಮಿಗೆ ನಾನು ಹೇಳಿಕೊಂಡಿದ್ದು ಒಂದೇ: ಇವರ ಭಾನುವಾರದ ತಿರುಗಾಟ ತಪ್ಪಿಸಪ್ಪಾ.

ಅದಕ್ಕೆ ಸ್ವಾಮಿ ಕೊಟ್ಟ ಉತ್ತರ ನಾಗಮಂಗಲದಿಂದ ಬಂತು. ಅಲ್ಲಿ ನನ್ನ ನಾದಿನಿ ಭಾಗ್ಯಳ ಮನೆ. ಅವಳ ಗಂಡ ಶಿವಲಿಂಗ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ತಿರುಗುವುದು, ಗುಂಯ್ ಎನ್ನುವುದು, ಕರೆಂಟು ತಿನ್ನುವುದು ಯಾವುದಿದ್ದರೂ ಅವನಿಗೆ ಬೇಕು. ಅವನ ಫೋನ್ ಬಂದ ಸಂಜೆ ಇವರು ಮುಖ ಅಗಲ ಮಾಡಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಲೇ ಸುಮಿತ್ರ, ಶಿವಲಿಂಗ ಅದೇನೋ ಮೆಷಿನ್ ತಂದವ್ನಂತೆ ಕಣೆ. ಮನೇಲೇ ನಲ್ಲಿ ತಿರುಗುಸುದ್ರೆ ತಣ್ಣಗೆ ಬಿಯರ್ ಬತ್ತದಂತೆ. ನಾವೂ ಒಂದ್ ತಕಂಡ್ಬುಟ್ರೆ ನಾನು ಆಚೆಗೋಗೋದೇ ಬ್ಯಾಡ. ನಿಂಗೂ ಭಯ ತಪ್ತದೆ. ಏನಂತೀಯ?"

ನಾನು ಏನಾದರೂ ಅನ್ನುವ ಮೊದಲೇ ನಡುಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ನಮ್ಮತ್ತೆ ಅಂದರು: "ಕಾವೇರಿ ನೀರಿನ ನಲ್ಲೀಗೇ ದಿನ ಬುಟ್ಟು ದಿನ ಗತಿಯಿಲ್ಲ, ಬಿಯರ್ ನಲ್ಲಿ ಹಾಕುಸ್ತೀಯಾ ಮಗ?"

ಬೇಡ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ದೇವರ ಗೂಡು ಇರುವ ಮನೆಯಲ್ಲಿ ಹೆಂಡದ ನಲ್ಲಿಯೇ? ಆದರೆ ಆ ತಿರುವು ಕಣ್ಣ ಮುಂದೆ ಬಂತು. ನೋಡದೆ ಏನು ಹೇಳಲಿ, ನೋಡಿಯೇ ಹೇಳುತ್ತೇನೆ ಎಂದೆ. ಇವರು ಬಾಗಿಲ ಚಿಲಕವನ್ನು ಎರಡು ಸಲ ಹಾಕಿ ತೆಗೆದರು. ಸಂತೋಷಕ್ಕೆ ಕೈ ಸುಮ್ಮನಿರುತ್ತಿಲ್ಲ ಎಂದುಕೊಂಡೆ.

ಹೀಗೆ ನಾವು ಮೂವರೂ ಒಂದು ರಜೆಯ ದಿನ ನಾಗಮಂಗಲಕ್ಕೆ ಹೊರಟೆವು. ಥೇಟು ಹೆಣ್ಣು ನೋಡುವ ಶಾಸ್ತ್ರ. ಅತ್ತೆ ರೇಷ್ಮೆಯಂಚಿನ ಸೀರೆ ಉಟ್ಟಿದ್ದರು. ಬರಿಗೈಯಲ್ಲಿ ಹೋಗುವುದು ಹೇಗೆಂದು ನಾನು ಬಾಳೆಹಣ್ಣು, ಹೂವು ಹಿಡಿದಿದ್ದೆ. ಅಲ್ಲಿ ಭಾಗ್ಯ ಉಪ್ಪಿಟ್ಟು, ಕೇಸರಿಭಾತು ಮಾಡಿ ಇಟ್ಟಿದ್ದಳು. ಹುಡುಗಿ ಮಾತ್ರ ಕಾಣಲಿಲ್ಲ. ತಿಂಡಿ ಮುಗಿದ ಮೇಲೆ ಶಿವಲಿಂಗ ನಡುಮನೆಯ ಮೂಲೆಗೆ ಹೋಗಿ, ಹಳೇ ಟವೆಲಿನ ಮುಸುಕು ತೆಗೆದ.

ನಾನು ಸುಳ್ಳು ಹೇಳುವುದಿಲ್ಲ, ಅದು ಚೆನ್ನಾಗಿತ್ತು. ಕಪ್ಪಗೆ, ದುಂಡಗೆ, ನಮ್ಮ ಗ್ರೈಂಡರಿಗಿಂತ ಸ್ವಲ್ಪ ಎತ್ತರ. ಮುಂದೆ ಒಂದು ಪುಟ್ಟ ಹಿಡಿ, ಅದರ ಕೆಳಗೆ ನಲ್ಲಿಯ ಮೂತಿ. ಹಿಂದಿನ ಮುಚ್ಚಳ ತೆಗೆದರೆ ಒಳಗೊಂದು ಸಣ್ಣ ಬಿಯರ್ ಪೀಪಾಯಿ ಕೂಸಿನಂತೆ ಕೂತಿತ್ತು. ಅದನ್ನು ಬೆಂಗಳೂರಿಂದ ಯಾರಾದರೂ ಹೊತ್ತು ತಂದುಕೊಡಬೇಕಂತೆ.

"ಅದುಕ್ಕೆ ಮೇವೇನಾಕ್ತೀಯ ಶಿವಲಿಂಗ?" ಅತ್ತೆ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಬರೀ ಕರೆಂಟು ಕಣತ್ತೆ. ನೋಡಿ, ಇಂಗಂದ್ರೆ ಸಾಕು."

ಹಿಡಿಯನ್ನು ಮುಂದಕ್ಕೆ ಎಳೆದ. ಗಾಜಿನ ಲೋಟದೊಳಕ್ಕೆ ಹೊಂಬಣ್ಣದ ಧಾರೆ ಇಳಿಯಿತು. ತುಂಬುತ್ತ ತುಂಬುತ್ತ ಮೇಲೆ ಬೆಳ್ಳಗೆ ನೊರೆ ಎದ್ದಿತು. ಬೆಳಗಿನ ಜಾವ ಹಸುವಿನ ಕೆಚ್ಚಲ ಕೆಳಗೆ ತಂಬಿಗೆ ಹಿಡಿದರೆ ಏಳುತ್ತದಲ್ಲ, ಅಂಥದೇ ನೊರೆ. ಲೋಟದ ಮೈಯೆಲ್ಲ ಇಬ್ಬನಿ. ನಾನು ಬೆರಳಿಟ್ಟು ನೋಡಿದೆ, ಹೊರಗಿನಿಂದಲೇ. ಹಿಮ. ಆಚೆ ಬಿಸಿಲು ಉರಿಯುತ್ತಿತ್ತು, ಇಲ್ಲಿ ಒಂದು ಪೆಟ್ಟಿಗೆ ಯಾರ ಹಂಗೂ ಇಲ್ಲದೆ ಚಳಿಗಾಲ ಮಾಡಿಕೊಂಡು ಕೂತಿತ್ತು. ಕುಡಿಯುವ ಪದಾರ್ಥದ ಮೇಲೆ ನನಗೆ ಮರ್ಯಾದೆಯಿಲ್ಲ. ಆದರೆ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ಮನುಷ್ಯನ ತಲೆಯನ್ನು ಮಾಡಿದವನು ದೇವರೇ ತಾನೇ? ಕೈ ತಾನಾಗಿ ಮುಗಿಯಲು ಹೋಯಿತು. ಸೆರಗು ಸರಿಮಾಡಿಕೊಂಡಂತೆ ಮಾಡಿ ಇಳಿಸಿದೆ.

ಮೆಷಿನ್ನಿನ ಬೆನ್ನ ಮೇಲೆ ಕುಂಕುಮದ ಬೊಟ್ಟು ಕಂಡಿತು. ಅದೇನೆಂದು ಭಾಗ್ಯಳನ್ನು ಕೇಳಿದೆ.

"ಆಯುಧಪೂಜೆ ದಿನ ಮಿಕ್ಸಿ, ಮೋಟಾರು, ಸ್ಕೂಟರು ಎಲ್ಲಕ್ಕೂ ಇಟ್ಟೆ ಅತ್ತಿಗೆ. ಇದೊಂದನ್ನ ಬುಟ್ರೆ ಬೇಜಾರ್ ಮಾಡ್ಕತದೇನೋ ಅನ್ನುಸ್ತು. ಮುಂದ್ಗಡೆ ಇಟ್ರೆ ಬಂದೋರು ಆಡ್ಕೋತಾರೆ. ಅದುಕ್ಕೆ ಹಿಂದುಕ್ಕಿಟ್ಟೆ."

ಇಂಥ ನ್ಯಾಯವನ್ನು ನಾನು ಯಾವ ಪುರಾಣದಲ್ಲೂ ಕೇಳಿರಲಿಲ್ಲ. ಅವಳ ಮೇಲೆ ಗೌರವ ಹೆಚ್ಚಾಯಿತು.

ಗಂಡಸರು ನೊರೆಯ ಎತ್ತರ ಚರ್ಚಿಸುತ್ತಿದ್ದಾಗ ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಉಳಿದದ್ದನ್ನು ಹೇಳಿದಳು. ಹೆಣ್ಣಿನ ಗುಣ ಗೊತ್ತಾಗುವುದು ಹಿತ್ತಲಲ್ಲಿಯೇ. ಕೊಳವೆಯನ್ನು ಬಿಸಿನೀರಲ್ಲಿ ತೊಳೆಯದಿದ್ದರೆ ಹಳಸಿದ ಅಂಬಲಿಯ ವಾಸನೆ. ತೊಟ್ಟಿಕ್ಕುವ ತಟ್ಟೆಯನ್ನು ಬಿಟ್ಟರೆ ಇರುವೆ. ಪೀಪಾಯಿ ಒಮ್ಮೆ ತೆರೆದರೆ ಬಹಳ ದಿನ ಇಡುವಂತಿಲ್ಲ, ಬೇಗ ಖಾಲಿ ಮಾಡಬೇಕು. ಶಿವಲಿಂಗ ಒಬ್ಬನೇ ಎಷ್ಟು ಕುಡಿದಾನು? ಸ್ನೇಹಿತರು ಬರುತ್ತಾರೆ. ಬಂದವರಿಗೆ ಕಡ್ಲೆಬೀಜ ಹುರಿಯಬೇಕು, ಕೋಳಿ ಬೇಯಿಸಬೇಕು.

"ಕುಡಿಯೋರು ಅವ್ರು, ತೊಳಿಯೋಳು ನಾನು," ಎಂದಳು ಭಾಗ್ಯ. "ಆದ್ರೂ ಒಂದ್ ಮಾತು ಅತ್ತಿಗೆ. ಕಣ್ಮುಂದೆ ಇರ್ತಾರೆ. ಎಲ್ಲೋದ್ರೋ, ಏನಾದ್ರೋ ಅಂತ ಬಾಗ್ಲು ಕಾಯಂಗಿಲ್ಲ."

ಆ ಕಡೆಯ ಮಾತು ನನ್ನನ್ನು ಗೆದ್ದಿತು. ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸು ಗಟ್ಟಿ ಮಾಡಿಕೊಂಡೆ. ಕೊಳವೆ ತೊಳೆದರೆ ಕೈ ಸವೆಯುವುದಿಲ್ಲ. ದೇವರ ಗೂಡಿಗೆ ಒಂದು ಪರದೆ ಹಾಕಿದರಾಯಿತು. ಮನೆ ಹತ್ತಿರ ಬಂದಾಗ ಹೇಳಿದೆ: "ರೀ, ಒಂದು ತಂದುಬಿಡಿ."

ಇವರ ಮುಖ ನೋಡಬೇಕಿತ್ತು. ಬಾಗಿಲಿಗೆ ಬಂದ ಸಾಲ ಕೊಟ್ಟವನನ್ನು ನೋಡಿದಂತೆ ನನ್ನನ್ನು ನೋಡಿದರು. "ಅಲ್ವೇ... ನೀನು ಬ್ಯಾಡ ಅಂತೀಯ ಅಂದ್ಕಂಡಿದ್ದೆ," ಎಂದರು ಮೆಲ್ಲಗೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿನ ಲೆಕ್ಕಾಚಾರ ಆಗ ತಿಳಿಯಿತು. ನಾನು ಬೇಡ ಎನ್ನುತ್ತೇನೆ, ಆಮೇಲೆ ಹೊರಗೆ ಹೋಗುವುದಕ್ಕೆ ನಾನೇ ಅಪ್ಪಣೆ ಕೊಟ್ಟ ಹಾಗಾಗುತ್ತದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹೇಳಿದರು: "ಸುಮ್ಕೆ ತಂದು ಸಾಕಕ್ಕಾಗ್ದೆ ಹೋದ್ರೆ? ಮೊದ್ಲು ಒಂದ್ ಭಾನ್ವಾರ ಬಾಟ್ಲು ತಂದು ಮನೇಲೇ ಕುಂತು ನೋಡನ ಬುಡು."

ಆ ಭಾನುವಾರ ಬಂತು. ಪುಟ್ಟಸ್ವಾಮಿ ಕೆಮ್ಮಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಸುತ್ತಿದ ಚೀಲ ಹಿಡಿದು, ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದ. ಎರಡು ಕುರ್ಚಿ ಹಾಕಿಕೊಟ್ಟೆ, ಲೋಟ ಇಟ್ಟೆ, ಈರುಳ್ಳಿ ಹೆಚ್ಚಿ ಕಡ್ಲೆಬೀಜಕ್ಕೆ ಬೆರೆಸಿ ಕೊಟ್ಟೆ. ಅತಿಥಿ ಸತ್ಕಾರದಲ್ಲಿ ಯಾರೂ ನನ್ನತ್ತ ಬೆರಳು ತೋರಿಸುವಂತಿಲ್ಲ. ಅತ್ತೆಯೂ ಮಾತಾಡಿಸದೆ ಬಿಡುವವರಲ್ಲ. ಎದುರಿಗೇ ಚಾಪೆ ಹಾಸಿಕೊಂಡು ಕೂತರು.

"ನಿಮ್ಮವ್ವ ಚೆನ್ನಾಗವ್ಳಾ ಪುಟ್ಟಸ್ವಾಮಿ?"

"ಅವ್ಳೆ ಕಣವ್ವ."

"ಮಂಡಿನೋವು?"

"ಅಂಗೇ ಅದೆ."

"ಕುಡಿ ಮಗ, ನಾಚ್ಕಬ್ಯಾಡ. ನಿಮ್ಮಪ್ಪನೂ ಕುಡೀತಿದ್ದ. ಕುಡುದು ಒಂದ್ಸಲ ನಮ್ಮ ಕೊಟ್ಟಿಗೇಲೇ ಮಲಗಿದ್ದ, ನಾನೇ ಕಂಬ್ಳಿ ಹೊದ್ಸಿದ್ದೆ."

ಪುಟ್ಟಸ್ವಾಮಿಯ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಇವರು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುತ್ತಿದ್ದರು. ಅಷ್ಟರಲ್ಲಿ ದೀಪದ ಹೊತ್ತಾಯಿತು. ನಾನು ಏನು ಮಾಡಲಿ, ದಿನದ ಪದ್ಧತಿ: ದೀಪ ಹಚ್ಚಿ, ಗಂಟೆ ಬಾರಿಸಿ, ಮಂಗಳಾರತಿ ತಟ್ಟೆಯನ್ನು ಮನೆಯಲ್ಲಿದ್ದವರಿಗೆಲ್ಲ ಹಿಡಿದೆ. ಇಬ್ಬರೂ ದಡಕ್ಕನೆ ಎದ್ದು ನಿಂತರು. ಪುಟ್ಟಸ್ವಾಮಿ ಲೋಟ ಹಿಡಿದ ಕೈ ಬೆನ್ನ ಹಿಂದೆ ಮಾಡಿ, ಇನ್ನೊಂದು ಕೈ ನೋಡಿಕೊಂಡ. ಅದು ಎಡಗೈ. ಆಮೇಲೆ ಲೋಟ ಕೆಳಗಿಟ್ಟು, ಹಿತ್ತಲಿಗೆ ಓಡಿ, ಕೈ ಬಾಯಿ ತೊಳೆದು ಬಂದು, ಕಣ್ಣು ಮುಚ್ಚಿ ಆರತಿ ತಗೊಂಡ. ಇವರೂ ಹಾಗೆಯೇ ಮಾಡಿದರು. ಹಣೆಗೆ ಕುಂಕುಮ ಇಟ್ಟುಕೊಂಡ ಮೇಲೆ ಇಬ್ಬರೂ ಮತ್ತೆ ಲೋಟ ಮುಟ್ಟಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಪುಟ್ಟಸ್ವಾಮಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಮೆಷಿನ್ ತಂದ್ರೆ ನಾನಂತೂ ಕುಡಿಯೋದೇ ಬುಟ್ಬುಡ್ತೀನಿ ಕಣ್ಲಾ."

"ನಾನೂ ಅಷ್ಟೇ ಕಣ್ಲಾ," ಎಂದರು ಇವರು.

ನಾನು ಆರತಿ ತಟ್ಟೆ ಹಿಡಿದುಕೊಂಡೇ ನಿಂತೆ. ಕುಡಿಯುವ ಮೆಷಿನ್ ತಂದು ಕುಡಿತ ಬಿಡಿಸುವ ಉಪಾಯ ಕರಿಘಟ್ಟದವನಿಗಲ್ಲದೆ ಬೇರೆ ಯಾವ ಸ್ವಾಮಿಗಾದರೂ ಹೊಳೆದೀತೇ? ನಾನು ಕೇಳಿದ್ದು ತಿರುಗಾಟ ತಪ್ಪಿಸು ಎಂದಷ್ಟೇ. ಆತ ಬೇರುಸಹಿತ ಕಿತ್ತು ಕೈಗೆ ಕೊಡಲು ಬಂದಿದ್ದ. ನಾಳೆಯೇ ತನ್ನಿ ಎಂದು ಪಟ್ಟು ಹಿಡಿದರೆ ಮುಗಿಯಿತು.

ಆದರೆ ಆ ಭಾನುವಾರ ನಾನು ಏನೇನು ಮಾಡಲಿಲ್ಲ ಎಂಬುದು ಆಗ ನೆನಪಾಗತೊಡಗಿತು. ಮಾಮೂಲಿ ಭಾನುವಾರ ಇವರು ಬೈಕು ಹತ್ತಿದ ಮೇಲೆ ಅತ್ತೆ ಪಕ್ಕದ ಮನೆಗೆ ಹೋಗುತ್ತಾರೆ. ನಾನು ಬಾಗಿಲು ಹಾಕಿಕೊಂಡು, ನನಗೊಬ್ಬಳಿಗೇ ಗಟ್ಟಿ ಕಾಫಿ ಬೆರೆಸಿಕೊಂಡು, ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತೇನೆ. ತಲೆ ಬಿಚ್ಚಿ ಒಣಗಿಸುತ್ತೇನೆ. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ ಎಂದು ಕೇಳುವವರಿಲ್ಲ. ದೀಪ ಹಚ್ಚುವವರೆಗೆ ವಾರದಲ್ಲಿ ಅಷ್ಟು ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಸೊಸೆಯೂ ಅಲ್ಲ. ಮೆಷಿನ್ ಬಂದರೆ ಅದು ಹೋಯಿತು. ಕುಡಿತ ಬಿಟ್ಟರೆ ಇನ್ನೂ ಹೋಯಿತು. ಕುಡಿಯದ ಗಂಡ ಭಾನುವಾರ ಸಂಜೆ ಎಲ್ಲಿಗೆ ಹೋದಾನು?

"ಮೆಷಿನ್ ಬೇಡ ಬಿಡ್ರೀ," ಎಂದೆ ಒಳಗೆ ಬಂದ ಮೇಲೆ. "ಹೊರಗೇ ಹೋಗಿ. ಆದರೆ ಬೈಕು ಬೇಡ. ಬಸ್ಸಲ್ಲಿ ಹೋಗಿ, ಬಸ್ಸಲ್ಲೇ ಬನ್ನಿ."

ಇವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಇಷ್ಟು ದೊಡ್ಡ ಮನಸ್ಸಿನ ಹೆಂಗಸು ತಮ್ಮ ಮನೆಯಲ್ಲೇ ಇದ್ದದ್ದು ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎನ್ನುವಂತಿತ್ತು. ಪುಟ್ಟಸ್ವಾಮಿ ಊರೆಲ್ಲ ಹೇಳಿಕೊಂಡು ಬಂದನಂತೆ, "ಅಕ್ಕಾರು ದೇವತೆ ಕಣ್ರಲಾ" ಎಂದು. ನಾನು ಅಲ್ಲಗಳೆಯಲು ಹೋಗಲಿಲ್ಲ. ಈಗ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಾರೆ. ದೀಪ ಹಚ್ಚಿದ ಮೇಲೂ ನನ್ನ ಕಿವಿ ಬೀದಿಗೆ ಹೋಗುವುದಿಲ್ಲ. ಸಹಸ್ರನಾಮ ಒಂದೂ ತಪ್ಪದೆ ಬರುತ್ತಿದೆ. ಕರಿಘಟ್ಟದ ಮೆಟ್ಟಿಲಲ್ಲಿ ನಾನು ಹೇಳಿಕೊಳ್ಳುವುದು ಮಾತ್ರ ಸ್ವಲ್ಪ ಬದಲಾಗಿದೆ: ಇವರಿಗೆ ವಾಪಸು ಬರಲು ಬಸ್ಸು ಸಿಗಲಪ್ಪಾ, ಆದರೆ ಮುಂಚಿನ ಬಸ್ಸು ಬೇಡ.