ಬಿಸಿಲನ್ನು ನುಂಗಿ ಕೂತ ಸುಣ್ಣಕ್ಕೊಂದು ದೂರು

ನಮ್ಮ ಆಸ್ಪತ್ರೆಯ ಲಾಂಡ್ರಿಯ ಹಿಂದಿನ ಶೆಡ್ಡಿನಲ್ಲಿ, ಉಕ್ಕಿನ ಪೀಪಾಯಿಯೊಳಗೆ ಬಿಜಯಂಗೈದಿರುವ ಸುಟ್ಟ ಸುಣ್ಣದವರ ಸನ್ನಿಧಾನಕ್ಕೆ, ಅದೇ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಒಣಗಿಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೇ ಈ ಪತ್ರ.

ತಮ್ಮನ್ನು ಈ ಆಸ್ಪತ್ರೆಗೆ ಕರೆತಂದವನು ನಾನೇ. ಚಾವಣಿಯ ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ತಮ್ಮನ್ನು ಐನೂರು ಡಿಗ್ರಿಗೆ ಕಾಯಿಸಿದರೆ ತಮ್ಮೊಳಗಿನ ನೀರು ಹಬೆಯಾಗಿ ಹೋಗುತ್ತದೆ, ಮೋಡ ಕವಿದ ದಿನ ಆ ನೀರನ್ನು ಮರಳಿ ಕೊಟ್ಟರೆ ತಾವು ನುಂಗಿದ ಶಾಖವನ್ನೆಲ್ಲ ಹೊರಹಾಕಿ ಲಾಂಡ್ರಿಗೆ ಬೇಕಾದ ಹಬೆ ಎಬ್ಬಿಸುತ್ತೀರಿ, ಒಣಗಿದ್ದಷ್ಟು ದಿನ, ತಿಂಗಳುಗಟ್ಟಲೆಯಾದರೂ, ಅದು ತಮ್ಮಲ್ಲೇ ಭದ್ರವಾಗಿರುತ್ತದೆ ಎಂದು ನಾನು ಸಭೆಯಲ್ಲಿ ನಲವತ್ತು ನಿಮಿಷ ಮಾತಾಡಿದೆ. ಮಾತಿನ ಭರದಲ್ಲಿ, ಹಳೆಯ ಎಣ್ಣೆ ಬಾಯ್ಲರನ್ನು ಬಿಚ್ಚಿ ಸಾಗಹಾಕಿಬಿಡೋಣ ಎಂದೂ ಹೇಳಿದೆ. ಕೆಟ್ಟ ಸಲಹೆಗಳು ನಮ್ಮಲ್ಲಿ ಬೇಗ ಜಾರಿಯಾಗುತ್ತವೆ. ಮರುದಿನವೇ ಬಾಯ್ಲರ್ ಲಾರಿ ಹತ್ತಿತು.

ಮೊದಲೆರಡು ತಿಂಗಳು ತಾವು ನಡೆದುಕೊಂಡ ರೀತಿಗೆ ಮೆಚ್ಚಿ ನಾನು ಎದೆಯುಬ್ಬಿಸಿ ಓಡಾಡಿದೆ. ಆಮೇಲೆ ಒಂದು ಸೋಮವಾರ ಮೋಡ ಮುಚ್ಚಿತು, ಮಂಗಳವಾರ ಬೆಳಿಗ್ಗೆ ತಮಗೆ ನೀರು ಬಿಟ್ಟೆ, ತಾವು ಒಂದಿಷ್ಟೂ ಬೆಚ್ಚಗಾಗದೆ ಸುಮ್ಮನೆ ಕೂತಿರಿ. ಹಬೆಯಿಲ್ಲದೆ ಲಾಂಡ್ರಿಯಲ್ಲಿ ಹಾಸು ಹೊದಿಕೆಗಳು ಒದ್ದೆಯಾಗೇ ಉಳಿದವು. ಶುದ್ಧಮಾಡಿದ ಬಟ್ಟೆಯಿಲ್ಲವೆಂದು ಆ ದಿನದ ಕಣ್ಣಿನ ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋದವು. ಆ ಪಟ್ಟಿಯ ಮೊದಲ ಹೆಸರು, ನನ್ನ ಹಣೆಬರಹಕ್ಕೆ, ನನ್ನ ಅತ್ತೆಯವರದು.

ಬೆಳಗಿನಿಂದ ಹಸಿದುಕೊಂಡು, ಕಣ್ಣಿಗೆ ಔಷಧ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ಅವರು ಬೈಯಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, ನನಗೂ ಕೇಳುವ ಹಾಗೆ, "ಅಳಿಯಂದಿರು ಸೂರ್ಯನ್ನ ಪೀಪಾಯೀಲಿ ಹಿಡಿದಿಟ್ಟಿದಾರಂತಲ್ಲ. ಸ್ವಲ್ಪ ಮುಚ್ಚಳ ತೆಗೆಯೋಕೆ ಹೇಳೇ" ಎಂದರು.

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತಾವು ಕಳಪೆ, ಅಪ್ರಾಮಾಣಿಕ, ನಂಬಿಕೆಗೆ ಅನರ್ಹ ಎಂದು ತಮ್ಮ ಮೇಲೆ ಆರು ಪುಟದ ವರದಿ ಬರೆದೆ. ಸಹಿ ಹಾಕುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಲಾಂಡ್ರಿಯ ಮೇಲ್ವಿಚಾರಕಿ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವವರು, ಕೈಗವಸು ತುಂಬ ತಮ್ಮನ್ನು ತಂದು ನನ್ನ ಮೇಜಿನ ಮೇಲೆ ಸುರಿದರು. ಉಂಡೆಗಳಾಗಿರಬೇಕಾದ ತಾವು ಹಿಟ್ಟಿನಂತೆ ನುಣ್ಣಗಿದ್ದಿರಿ.

"ನೀವು ನೀರು ಬಿಡೋಕೆ ಮುಂಚೇನೇ ಇದು ಅರಳಿ ಹೋಗಿದೆ ಸರ್. ಗಾಳಿಯ ತೇವ ಕುಡಿದಿದೆ. ಮುಚ್ಚಳಕ್ಕೆ ಹನ್ನೆರಡು ಬೋಲ್ಟಿದೆ, ನಾಲ್ಕೇ ಬಿಗಿದಿರೋದು. ಕೊನೇಲಿ ಮುಟ್ಟಿದ್ದು ಯಾರು?"

ಮುಟ್ಟಿದ್ದು ನಾನು. ಮೂರು ವಾರದ ಹಿಂದೆ ಅತಿಥಿಗಳು ಬಂದಾಗ ಮುಚ್ಚಳ ತೆಗೆಸಿ, ತಮ್ಮ ಪಕ್ಕ ನಿಂತು ಫೋಟೋ ಹೊಡೆಸಿಕೊಂಡು, ಚಹಾ ಆರಿಹೋಗುತ್ತದೆಂದು ನಾಲ್ಕು ಬೋಲ್ಟಿಗೇ ಕೈಬಿಟ್ಟು ಓಡಿದ್ದೆ. ಆ ಸಂದಿಯಿಂದ ಬಂದ ತೇವಕ್ಕೆ ತಾವು ಇಪ್ಪತ್ತೊಂದು ದಿನ, ಪ್ರಾಮಾಣಿಕವಾಗಿ, ಖಾಲಿ ಶೆಡ್ಡನ್ನು ಬೆಚ್ಚಗಿಟ್ಟಿರಿ.

ಆರು ಪುಟ ಹರಿದು ಒಂದೇ ಸಾಲು ಬರೆದುಕೊಟ್ಟೆ: ಮುಚ್ಚಳ ಸರಿಯಾಗಿ ಹಾಕದೆ ಹೋದವನು ನಾನು. ಆಸ್ಪತ್ರೆಯ ಅಧೀಕ್ಷಕರು ಅದನ್ನು ಎರಡು ಸಲ ಓದಿ, "ನೀವು ಬರೆದ ವರದಿಗಳಲ್ಲಿ ನನಗೆ ಪೂರ್ತಿ ಅರ್ಥವಾಗಿದ್ದು ಇದೊಂದೇ" ಎಂದರು.

ನನ್ನ ನಿಜವಾದ ದೂರು ಇಲ್ಲಿದೆ. ಗುರುವಾರ ಬಿಸಿಲು ಬಂತು, ತಮ್ಮನ್ನು ಮತ್ತೆ ಕಾಯಿಸಿದೆವು, ಹನ್ನೆರಡೂ ಬೋಲ್ಟು ಬಿಗಿದೆವು. ಮುಂದಿನ ಬುಧವಾರ ಮೋಡದಲ್ಲಿ ನೀರು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ತಾವು ಕಾದು ಕೆಂಡವಾದಿರಿ, ಕೊಳವೆಗಳಲ್ಲಿ ಹಬೆ ಸುಂಯ್‌ಗುಟ್ಟಿತು. ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡುವ ಈ ಗುಣವನ್ನು ತಾವೊಬ್ಬರೇ ಇಟ್ಟುಕೊಳ್ಳುವುದು ನ್ಯಾಯವೇ? ಐನೂರು ಡಿಗ್ರಿಗೆ ಕಾಯಿಸಿದರೆ ನನ್ನಿಂದ ಆ ಸಭೆಯ ನಲವತ್ತು ನಿಮಿಷವೂ ಹಬೆಯಾಗಿ ಹೋಗುವಂತಿದ್ದರೆ, ದಯವಿಟ್ಟು ಪೀಪಾಯಿಯಲ್ಲಿ ನನಗೂ ಸ್ವಲ್ಪ ಜಾಗ ಬಿಡಬೇಕೆಂದು ಕೋರುತ್ತೇನೆ.

ಅತ್ತೆಯವರ ಆಪರೇಷನ್ ಅದೇ ಬುಧವಾರ ಆಯಿತು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಸಿಕ್ಕವನು ನಾನು. ಅವರು ಬಹಳ ಹೊತ್ತು ನೋಡಿ, ಮೆಲ್ಲಗೆ, "ತಲೆ ತುಂಬ ಸುಣ್ಣ ಮೆತ್ತಿದೆ, ಒರೆಸ್ಕೊಳ್ಳಿ" ಎಂದರು. ಕರವಸ್ತ್ರ ತೆಗೆದು ಗಸಗಸ ಒರೆಸಿದೆ. ಹೋಗಲಿಲ್ಲ. ಕಿಟಕಿಯ ಗಾಜಿನಲ್ಲಿ ಕೂದಲು ನೋಡಿಕೊಂಡೆ, ಆ ಬಿಳುಪು ಸುಣ್ಣವಾಗಿರಲಿಲ್ಲ.

ತಮ್ಮ ಬಿಸಿಗೆ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಯಂತ್ರ ವಿಭಾಗದ ಎಂಜಿನಿಯರ್

ಮರೆತ ಮಾತು: ಇನ್ನು ಮುಂದೆ ಪೀಪಾಯಿಯ ಸ್ಪ್ಯಾನರ್ ದೊಡ್ಡಮ್ಮನವರ ಬಳಿಯೇ ಇರಬೇಕೆಂದು ಲಿಖಿತ ಆದೇಶವಾಗಿದೆ. ನನ್ನ ಅನುಭವವನ್ನು ಪರಿಗಣಿಸಿ, ತಮ್ಮ ಕುರಿತು ಭಾಷಣ ಮಾಡುವ ಹೊಣೆಯನ್ನು ನನಗೇ ಉಳಿಸಿದ್ದಾರೆ.